ದೊಡ್ಡ ಸೆಡಾನ್‌ಗೆ ಯಾವ ಎಂಜಿನ್? ಸಿಸಿ ನೋಡುವ ಮುನ್ನ ಸೀಟು ಎಣಿಸಿ

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಪುತ್ತೂರಿನಿಂದ ಬೆಂಗಳೂರಿಗೆ ಹೊರಟಿದ್ದೆವು. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬಾ ಲಗೇಜು, ಅದರ ಮೇಲೆ ಅತ್ತೆ ಹೇರಿದ ಎರಡು ಚೀಲ ತೆಂಗಿನಕಾಯಿ. ಶಿರಾಡಿ ಘಾಟಿಯ ಏರಿನಲ್ಲಿ ಮುಂದೊಂದು ಗ್ಯಾಸ್ ಟ್ಯಾಂಕರ್ ಇಪ್ಪತ್ತೈದರ ಸ್ಪೀಡಿನಲ್ಲಿ ತೆವಳುತ್ತಿತ್ತು. ತಿರುವು ದಾಟಿದ ಮೇಲೆ ರಸ್ತೆ ನೇರವಾಯಿತು, ಎದುರಿಗೆ ಯಾರೂ ಇಲ್ಲ. ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದೆ. ಕಾರು ಕೇಳಿಸಿಕೊಳ್ಳಲೇ ಇಲ್ಲ. ಹಿಂದಿನ ಸೀಟಿನಿಂದ ಭಾವಮೈದ, "ಭಾವ, ಎರಡಕ್ಕೆ ಹಾಕಿ" ಅಂದ. ಹಾಕಿದೆ, ಎಂಜಿನ್ ಎದ್ದಿತು. ಅಷ್ಟರಲ್ಲಿ ಎದುರಿನ ತಿರುವಿನಲ್ಲಿ ಬಸ್ಸು ಕಾಣಿಸಿತು. ಬ್ರೇಕ್ ಒತ್ತಿ ಮತ್ತೆ ಟ್ಯಾಂಕರ್ ಹಿಂದೆ ಸೇರಿಕೊಂಡೆ.

ಇದೇ ಕಾರು ಬೆಂಗಳೂರಿನಲ್ಲಿ ನಾನೊಬ್ಬನೇ ಓಡಿಸುವಾಗ ಚಿಗರೆ ಹಾಗೆ ಹಾರುತ್ತದೆ. ಕಂಪನಿ ಹೆಸರು ಬೇಡ, ಒಂದು ಲೀಟರಿನ (ಅಂದರೆ ಸುಮಾರು 1000 ಸಿಸಿಯ) ಟರ್ಬೊ ಎಂಜಿನ್, ಗಾಳಿಯನ್ನು ಒತ್ತಿ ಒಳಗೆ ತುಂಬುವಂಥದ್ದು, ಅಂದರೆ ಸಾಕು. ನಾನು ತಪ್ಪು ಎಂಜಿನ್ ತಗೊಂಡೆನಾ? ದೊಡ್ಡ ಸೆಡಾನ್ ತಗೊಳ್ಳುವವರೆಲ್ಲ ಕೇಳಿಕೊಳ್ಳುವ ಪ್ರಶ್ನೆ ಇದು. ಕೇಳಿಕೊಳ್ಳುವುದು ಮಾತ್ರ ಸಾಮಾನ್ಯವಾಗಿ ಬುಕಿಂಗ್ ಆದ ಮೇಲೆ.

ದೊಡ್ಡ ಸೆಡಾನ್ ಅಂದರೆ ಇಲ್ಲಿ ನಾಲ್ಕೂವರೆ ಮೀಟರ್ ದಾಟಿದ ಕಾರುಗಳು. ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ, ಹ್ಯುಂಡೈ ವರ್ನಾ, ಹೋಂಡಾ ಸಿಟಿ. ವರ್ನಾ, ಸಿಟಿಗಳ ಡೀಸೆಲ್ 2023ಕ್ಕೇ ನಿಂತುಹೋಯಿತು. ಹಾಗಾಗಿ ಹೊಸದಾಗಿ ತಗೊಳ್ಳುವವರು ಪೆಟ್ರೋಲ್ ಎಂಜಿನ್‌ಗಳಲ್ಲೇ ಆರಿಸಬೇಕು.

ಮೊದಲ ಹೆಜ್ಜೆ: ಸೀಟು ಎಣಿಸಿ

ಕಳೆದ ಒಂದು ವರ್ಷವನ್ನು ನೆನಪಿಸಿಕೊಳ್ಳಿ. ಕಾರಿನಲ್ಲಿ ನಾಲ್ಕೈದು ಜನ ಕೂತು, ಲಗೇಜು ಹಾಕಿಕೊಂಡು ಘಾಟಿ ಹತ್ತಿದ್ದು ಎಷ್ಟು ಸಲ? ಸುಮ್ನೆ ಅಂದಾಜು ಬೇಡ, ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ನಾನು "ತಿಂಗಳಿಗೊಂದು ಸಲ ಊರಿಗೆ ಹೋಗುತ್ತೇನೆ" ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಸ್ಟೇಟ್‌ಮೆಂಟ್ ನೋಡಿದರೆ ವರ್ಷಕ್ಕೆ ಮೂರೇ ಸಲ. ಉಳಿದ ದಿನವೆಲ್ಲ ಆಫೀಸು, ತರಕಾರಿ, ಮಗಳ ಟ್ಯೂಷನ್.

ನನ್ನ ಅಳತೆ ಹೀಗಿದೆ. ತಿಂಗಳಿಗೊಮ್ಮೆಯಾದರೂ ಕಾರು ತುಂಬುತ್ತದೆ, ಮೇಲೆ ಘಾಟಿ ಇದೆ ಅಂದರೆ ದೊಡ್ಡ ಎಂಜಿನ್. ಅದಕ್ಕಿಂತ ಕಡಿಮೆಯಾದರೆ ಚಿಕ್ಕದೇ ಸಾಕು. ಸಕಲೇಶಪುರ, ಮಡಿಕೇರಿ, ಚಿಕ್ಕಮಗಳೂರಿನ ಕಡೆಯವರಿಗೆ ಈ ಲೆಕ್ಕ ಬೇಕಾಗಿಯೇ ಇಲ್ಲ, ಅಲ್ಲಿ ದಿನಾ ಏರೇ.

ಎರಡನೇ ಹೆಜ್ಜೆ: ತೂಕದ ಲೆಕ್ಕ

ಶೋರೂಮ್‌ನವರು ಹೇಳದ ಲೆಕ್ಕ ಇದು. ಕಾಗದ, ಪೆನ್ನು ತಗೊಂಡು ಮಾಡಿ ನೋಡಿ.

ವರ್ಟಸ್ ಎರಡು ಎಂಜಿನ್‌ಗಳಲ್ಲಿ ಬಂದಿದೆ. ಒಂದು 999 ಸಿಸಿಯ (1.0 ಲೀಟರ್) ಮೂರು ಸಿಲಿಂಡರ್ ಎಂಜಿನ್, 115 ಪಿಎಸ್ (ಪಿಎಸ್ ಅಂದರೆ ಪವರಿನ ಅಳತೆ, ಹೆಚ್ಚುಕಡಿಮೆ ಹಾರ್ಸ್‌ಪವರ್). ಇನ್ನೊಂದು 1498 ಸಿಸಿಯದು (1.5 ಲೀಟರ್), 150 ಪಿಎಸ್. ಕಾರಿನ ತೂಕ ಸುಮಾರು 1250 ಕೆಜಿ ಅಂತ ಹಿಡಿಯಿರಿ. ಒಬ್ಬರೇ ಕೂತರೆ 1320. ಐದು ಜನ, ಜೊತೆಗೆ 75 ಕೆಜಿ ಲಗೇಜು ಸೇರಿದರೆ ಸುಮಾರು 1650.

ಈಗ ಪವರನ್ನು ತೂಕದಿಂದ ಭಾಗಿಸಿ. ಚಿಕ್ಕ ಎಂಜಿನ್ ಕಾರಿನಲ್ಲಿ ನೀವೊಬ್ಬರೇ ಇದ್ದಾಗ ಟನ್ನಿಗೆ 87 ಪಿಎಸ್. ಅದೇ ಕಾರು ತುಂಬಿದಾಗ 70. ದೊಡ್ಡ ಎಂಜಿನ್ ಕಾರು ತುಂಬಿದಾಗ 91.

ಅಂದರೆ ತುಂಬಿದ 1.5 ಕಾರು, ನೀವೊಬ್ಬರೇ ಓಡಿಸುವ 1.0 ಕಾರಿನಷ್ಟೇ ಚುರುಕು. ಶಿರಾಡಿಯಲ್ಲಿ ನನ್ನ ಕಾರು ಯಾಕೆ ಮಂಕಾಯಿತು ಅಂತ ಅರ್ಥವಾಗಿದ್ದು ಈ ಲೆಕ್ಕ ಹಾಕಿದ ಮೇಲೆ. ಬೆಂಗಳೂರಿನಲ್ಲಿ ಓಡಿಸಿ ರೂಢಿಯಾಗಿದ್ದ ಕಾರಿನ ಐದನೇ ಒಂದು ಪಾಲು ಶಕ್ತಿ ಆವತ್ತು ಜನರನ್ನೂ ತೆಂಗಿನಕಾಯಿಯನ್ನೂ ಹೊರುವುದಕ್ಕೆ ಹೋಗಿತ್ತು.

ಮೂರನೇ ಹೆಜ್ಜೆ: ಎಳೆತ ಯಾವ ಆರ್‌ಪಿಎಂನಲ್ಲಿ ಬರುತ್ತದೆ ನೋಡಿ

ನಾವು ಪಿಕಪ್ ಅನ್ನುತ್ತೇವಲ್ಲ, ಅದು ಹೆಚ್ಚು ಪಾಲು ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ. ಬ್ರೋಷರ್‌ನಲ್ಲಿ ಟಾರ್ಕ್ ಮುಂದೆ ಒಂದು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಇರುತ್ತದೆ. ಎಲ್ಲರೂ ಟಾರ್ಕ್ ಓದುತ್ತಾರೆ, ಆರ್‌ಪಿಎಂ ಬಿಟ್ಟುಬಿಡುತ್ತಾರೆ. ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ ಸಿಕ್ಕರೆ ಎಂಜಿನ್ ಕೂಗಿಸದೆ ಕಾರು ಎಳೆಯುತ್ತದೆ.

ಹೋಂಡಾ ಸಿಟಿಯ 1.5 ಲೀಟರ್ ಎಂಜಿನ್‌ಗೆ ಟರ್ಬೊ ಇಲ್ಲ. 121 ಪಿಎಸ್, 145 ನ್ಯೂಟನ್ ಮೀಟರ್ ಟಾರ್ಕ್. ಆ ಟಾರ್ಕ್ ಪೂರ್ತಿ ಸಿಗುವುದು 4300 ಆರ್‌ಪಿಎಂನಲ್ಲಿ. ವರ್ಟಸ್‌ನ 1.0 ಟರ್ಬೊಗೆ 178, ಅದು 1750ಕ್ಕೇ ಸಿಗುತ್ತದೆ. 1.5 ಟರ್ಬೊಗೆ 250, ಸಿಗುವುದು 1600ಕ್ಕೆ. ವರ್ನಾದ 1482 ಸಿಸಿ ಟರ್ಬೊ 160 ಪಿಎಸ್, 253 ನ್ಯೂಟನ್ ಮೀಟರ್ ಕೊಡುತ್ತದೆ, ಅದೂ 1500 ಆರ್‌ಪಿಎಂನಿಂದಲೇ. ಸಿಟಿಯದೂ ವರ್ನಾ ಟರ್ಬೊದೂ ಸಿಸಿ ಹೆಚ್ಚುಕಡಿಮೆ ಒಂದೇ. ಎಳೆತದಲ್ಲಿ ಮಾತ್ರ ಅಜಗಜಾಂತರ. ಸಿಸಿ ಒಂದನ್ನೇ ನೋಡಿ ಎಂಜಿನ್ ಆರಿಸಿದರೆ ಮೋಸ ಹೋಗುವುದು ಇಲ್ಲೇ.

ಹಾಗಂತ ಟರ್ಬೊ ಇಲ್ಲದ್ದು ಕಳಪೆ ಅಲ್ಲ. ಅದರ ಎಳೆತ ಒಂದೇ ಸಮನೆ ಏರುತ್ತದೆ, ಹಠಾತ್ತಾಗಿ ನುಗ್ಗುವುದಿಲ್ಲ. ಮೆಲ್ಲಗೆ ಓಡಿಸುವವರಿಗೆ, ವಯಸ್ಸಾದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋಗುವವರಿಗೆ ಅದೇ ಹಿತ. ಘಾಟಿಯಲ್ಲಿ ಎಂಜಿನ್ ಕೂಗುವುದನ್ನು ಸಹಿಸಿಕೊಳ್ಳಬೇಕು, ಅಷ್ಟೇ.

ಇನ್ನೊಂದು ವಿಷಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ ನೂರಕ್ಕೆ ಮೂರು ಪಾಲು ಪವರ್ ಕಳೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ 121 ಪಿಎಸ್ ಹತ್ತಿರ ಹತ್ತಿರ 110 ಆಗಿರುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ಒಳಗೆ ತುಂಬುವುದರಿಂದ ಈ ನಷ್ಟವನ್ನು ಬಹುಪಾಲು ಸರಿದೂಗಿಸಿಕೊಳ್ಳುತ್ತದೆ. ಟರ್ಬೊ ಇಲ್ಲದ ಕಾರು ಮಂಗಳೂರಿಗೆ ಇಳಿದಾಗ ಚುರುಕಾಯಿತು ಅನ್ನಿಸಿದರೆ ಅದು ಮೀನೂಟದ ಮಹಿಮೆ ಮಾತ್ರ ಅಲ್ಲ.

ನಾಲ್ಕನೇ ಹೆಜ್ಜೆ: ಗೇರ್‌ಬಾಕ್ಸ್ ಜೊತೆ ಸೇರಿಸಿ ನೋಡಿ

ಎಂಜಿನ್ ಆರಿಸಿದ ಹಾಗೇ ಗೇರ್‌ಬಾಕ್ಸನ್ನೂ ಆರಿಸಿದ್ದೀರಿ ಅಂತ ಅರ್ಥ. ವರ್ಟಸ್, ಸ್ಲಾವಿಯಾಗಳಲ್ಲಿ 1.0 ಎಂಜಿನ್‌ಗೆ ಸಿಕ್ಕಿರುವುದು ಆರು ಗೇರಿನ ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಎಳೆತ ದಾಟಿಸುವ) ಆಟೊಮ್ಯಾಟಿಕ್. 1.5ಕ್ಕೆ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್. ಡಿಎಸ್‌ಜಿ ಕಣ್ಣು ಮಿಟುಕಿಸುವಷ್ಟರಲ್ಲಿ ಗೇರ್ ಬದಲಿಸುತ್ತದೆ, ಹೆದ್ದಾರಿಯಲ್ಲಿ ಖುಷಿ. ಆದರೆ ಈ ಏಳು ಗೇರಿನದರಲ್ಲಿ ಇರುವುದು ಡ್ರೈ ಕ್ಲಚ್, ತಂಪು ಮಾಡುವ ಎಣ್ಣೆ ಇಲ್ಲದ್ದು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅಡಿ ಅಡಿಯಾಗಿ ತೆವಳಿದರೆ ಬಿಸಿಯಾಗುತ್ತದೆ. ದಿನಾ ಎರಡು ತಾಸು ಅಂಥ ಟ್ರಾಫಿಕ್‌ನಲ್ಲಿ ಇರುವವರಿಗೆ ಟಾರ್ಕ್ ಕನ್ವರ್ಟರೇ ನೆಮ್ಮದಿ ಅಂತ ನನ್ನ ಅಭಿಪ್ರಾಯ.

ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೂ ದೊಡ್ಡ ಕಾರು ಹುಡುಕುವವರು ಇದನ್ನು ನೋಡಿ. 2016ರಲ್ಲಿ ಬಂದ ಸ್ಕೋಡಾ ಸುಪರ್ಬ್‌ನ 1.8 ಪೆಟ್ರೋಲ್, ಮ್ಯಾನ್ಯುಯಲ್‌ನಲ್ಲಿ 320 ನ್ಯೂಟನ್ ಮೀಟರ್ ಕೊಡುತ್ತಿತ್ತು. ಅದೇ ಎಂಜಿನ್, ಅದೇ 180 ಪಿಎಸ್, ಆಟೊಮ್ಯಾಟಿಕ್‌ನಲ್ಲಿ 250 ಮಾತ್ರ. ಏಳು ಗೇರಿನ ಆ ಡಿಎಸ್‌ಜಿ ತಡೆಯುವುದೇ 250, ಹಾಗಾಗಿ ಎಂಜಿನ್‌ಗೇ ಮೂಗುದಾರ ಹಾಕಿದ್ದರು. ಬ್ಯಾಡ್ಜ್ ನೋಡಿದರೆ ಇದು ಗೊತ್ತಾಗುವುದಿಲ್ಲ.

ಐದನೇ ಹೆಜ್ಜೆ: ದುಡ್ಡು

ಚಿಕ್ಕ ಎಂಜಿನ್ ಅಂದರೆ ಟ್ಯಾಕ್ಸ್ ಕಡಿಮೆ ಅಂತ ತುಂಬಾ ಜನ ನಂಬಿದ್ದಾರೆ. ದೊಡ್ಡ ಸೆಡಾನ್‌ಗೆ ಇದು ಸುಳ್ಳು. 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್ ಕಾರಿಗೆ 18% ಜಿಎಸ್‌ಟಿ ಬೀಳಬೇಕಾದರೆ ಎಂಜಿನ್ 1200 ಸಿಸಿ ಒಳಗಿರಬೇಕು, ಉದ್ದವೂ ನಾಲ್ಕು ಮೀಟರ್ ಒಳಗಿರಬೇಕು. ವರ್ಟಸ್ ಉದ್ದ 4.56 ಮೀಟರ್. 999 ಸಿಸಿ ಇದ್ದರೂ 40% ಕಟ್ಟಲೇಬೇಕು. ಕರ್ನಾಟಕದ ಲೈಫ್ ಟ್ಯಾಕ್ಸ್ ಕೂಡ ಕಾರಿನ ಬೆಲೆಯ ಮೇಲೆ ಬೀಳುತ್ತದೆ, ಸಿಸಿ ಮೇಲಲ್ಲ.

ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಸಿಸಿ ನೋಡುತ್ತದೆ. 2022ರಲ್ಲಿ ನಿಗದಿಯಾದ ದರದಲ್ಲಿ ಹೊಸ ಕಾರಿಗೆ ಮೂರು ವರ್ಷದ್ದು 1000 ಸಿಸಿ ಒಳಗಾದರೆ 6,521 ರೂಪಾಯಿ, 1500ರ ಒಳಗಾದರೆ 10,640. ವ್ಯತ್ಯಾಸ ನಾಲ್ಕು ಸಾವಿರ ಚಿಲ್ಲರೆ. 1500 ದಾಟಿದರೆ 24,596ಕ್ಕೆ ಜಿಗಿಯುತ್ತದೆ. ಸುಪರ್ಬ್ ಕನಸು ಕಾಣುವವರು ಇದನ್ನೂ ಬರೆದಿಟ್ಟುಕೊಳ್ಳಿ.

ಪೆಟ್ರೋಲ್ ಲೆಕ್ಕ ಹೀಗೆ ಹಾಕಿ. ವರ್ಷಕ್ಕೆ 12,000 ಕಿ.ಮೀ. ಓಡಿಸುತ್ತೀರಿ, ಪೇಟೆಯೊಳಗೆ ಚಿಕ್ಕ ಎಂಜಿನ್ ಲೀಟರಿಗೆ 14, ದೊಡ್ಡದು 12 ಕೊಡುತ್ತದೆ ಅಂದುಕೊಳ್ಳಿ. ಲೀಟರಿಗೆ ನೂರು ರೂಪಾಯಿ ಹಿಡಿದರೆ ವರ್ಷಕ್ಕೆ ಸುಮಾರು 14,300 ರೂಪಾಯಿ ಜಾಸ್ತಿ. ತುಂಬಿದ ಕಾರು, ಘಾಟಿ ಅಂದಾಗ ಈ ಅಂತರ ಕಡಿಮೆಯಾಗುತ್ತದೆ, ಯಾಕಂದರೆ ಚಿಕ್ಕ ಎಂಜಿನ್ ಅಲ್ಲಿ ಒದ್ದಾಡಿ ಕುಡಿಯುತ್ತದೆ. 1.5ರಲ್ಲಿ ಭಾರ ಇಲ್ಲದಾಗ ಎರಡು ಸಿಲಿಂಡರ್ ಮಲಗುವ ವ್ಯವಸ್ಥೆಯೂ ಇದೆ. ಮೈಲೇಜೇ ಮುಖ್ಯ ಅನ್ನುವವರು ಈ ತಲೆಬಿಸಿ ಬಿಟ್ಟು ಹೋಂಡಾ ಸಿಟಿಯ ಹೈಬ್ರಿಡ್ ನೋಡಬಹುದು, ಕಂಪನಿ ಲೆಕ್ಕದಲ್ಲಿ 27ರ ಆಸುಪಾಸು.

ಬೆಂಗಳೂರು–ಮೈಸೂರು ಹೆದ್ದಾರಿಗೋಸ್ಕರ ದೊಡ್ಡ ಎಂಜಿನ್ ಬೇಕು ಅನ್ನುವವರಿಗೆ ಒಂದು ಮಾತು. ಅಲ್ಲಿ 100 ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ. ಅಷ್ಟಕ್ಕೆ 115 ಪಿಎಸ್ ಧಾರಾಳ.

ಕೊನೆಯದು: ಟೆಸ್ಟ್ ಡ್ರೈವ್

ಶೋರೂಮ್‌ನವರು ಖಾಲಿ ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ. ಅದಕ್ಕೆ ಒಪ್ಪಬೇಡಿ. ಮನೆಯವರೆಲ್ಲರನ್ನೂ ಹತ್ತಿಸಿಕೊಳ್ಳಿ, ಎಸಿ ಹಾಕಿ. ಮೊದಲು ಯಾವುದಾದರೂ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಇಳಿಸಿ. ರ‍್ಯಾಂಪ್ ಬುಡದಲ್ಲಿ ಹಂಪ್ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಕಾರು ಪೂರ್ತಿ ನಿಧಾನವಾಗುತ್ತದೆ, ಆರ್‌ಪಿಎಂ ಬೀಳುತ್ತದೆ, ಟರ್ಬೊ ಇನ್ನೂ ನಿದ್ದೆಯಲ್ಲಿರುತ್ತದೆ. ಅಲ್ಲಿಂದ ಮೇಲೆ ಹತ್ತಿಸಿ. ಮ್ಯಾನ್ಯುಯಲ್ ಆದರೆ ಆಫ್ ಆಗುವ ಹಾಗೆ ಕೆಮ್ಮುತ್ತದಾ, ಕ್ಲಚ್ ಎಷ್ಟು ಆಡಿಸಬೇಕಾಯಿತು ಗಮನಿಸಿ. ಈ ರ‍್ಯಾಂಪ್ ನಿಮಗೆ ದಿನಾ ಎರಡು ಸಲ, ಘಾಟಿ ಯಾವಾಗಲೋ.

ಆಮೇಲೆ ಒಂದು ಏರು ಫ್ಲೈಓವರ್ ಹಿಡಿಯಿರಿ. ಮೂರನೇ ಗೇರಿನಲ್ಲಿ 30ಕ್ಕೆ ಇಳಿಸಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು 60ಕ್ಕೆ ಏರಿಸಿ. ಪಕ್ಕದಲ್ಲಿರುವವರು ಸೆಕೆಂಡ್ ಎಣಿಸಲಿ. ಎರಡನೇ ಗೇರಿನಲ್ಲಿ ಮತ್ತೊಮ್ಮೆ ಮಾಡಿ. ಎರಡೂ ಎಂಜಿನ್‌ಗಳಲ್ಲಿ ಹೀಗೆ ನೋಡಿದರೆ ಲಕ್ಷದ ಮೇಲೆ ಹೆಚ್ಚು ಕೊಡಬೇಕಾ ಬೇಡವಾ ಅಂತ ಯಾರನ್ನೂ ಕೇಳಬೇಕಾಗುವುದಿಲ್ಲ.

ನಾನು ನನ್ನ ಕಾರು ಮಾರಲಿಲ್ಲ. ವರ್ಷಕ್ಕೆ ಮೂರು ಘಾಟಿ ಅಷ್ಟೇ ಅಲ್ವಾ. ಈಗ ಟ್ಯಾಂಕರ್ ಕಂಡ ಕೂಡಲೇ ಎರಡನೇ ಗೇರಿಗೆ ಇಳಿಸುತ್ತೇನೆ, ಭಾವಮೈದ ಹೇಳುವ ಮೊದಲೇ. ತೆಂಗಿನಕಾಯಿ ಚೀಲ ಒಂದಕ್ಕೆ ಇಳಿದಿದೆ, ಅದಕ್ಕೆ ಮಾತ್ರ ಅತ್ತೆಗೆ ಇನ್ನೂ ಬೇಜಾರಿದೆ.