ಪ್ಯಾಟ್ಸಿ ಮಿಂಕ್ ಬಗ್ಗೆ ಹತ್ತು ನಿಮಿಷ ಮಾತಾಡಬೇಕಾದರೆ

ತುಮಕೂರಿನ ಕಾನೂನು ವಿದ್ಯಾರ್ಥಿಗಳಿಗೆ ಸೆಮಿನಾರ್‌ನಲ್ಲಿ ‘ವಕೀಲಿಕೆಯಿಂದ ಶಾಸನಸಭೆಗೆ’ ಎಂಬ ವಿಷಯ ಸಿಕ್ಕರೆ ವಕೀಲೆಯಾಗಿದ್ದು ಅಮೆರಿಕದ ಸಂಸತ್ತಿಗೆ ಹೋದ ಪ್ಯಾಟ್ಸಿ ಮಿಂಕ್ ಅವರನ್ನು ಆರಿಸಿಕೊಳ್ಳಿ. ಹತ್ತು ನಿಮಿಷಕ್ಕೆ ಸಾವಿರ ಪದ ಮೀರಬಾರದು. ಅದರಲ್ಲಿ ಅರ್ಧದಷ್ಟು ಅವರು ವಕೀಲರಾದ ಬಗೆಗೇ ಇರಲಿ. ರಾಜಕೀಯಕ್ಕೆ ಯಾಕೆ ಬಂದರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಹುಟ್ಟಿದ್ದು 1927ರಲ್ಲಿ, ಹವಾಯಿಯ ಮಾವಿ ದ್ವೀಪದಲ್ಲಿ. ಡಾಕ್ಟರಾಗುವ ಆಸೆಯಿತ್ತು, ಮೆಡಿಕಲ್ ಕಾಲೇಜುಗಳು ಸೀಟು ಕೊಡಲಿಲ್ಲ. 1951ರಲ್ಲಿ ಷಿಕಾಗೋದಲ್ಲಿ ಕಾನೂನು ಪದವಿ ಪಡೆದು ಊರಿಗೆ ಮರಳಿದರೆ ವಕೀಲಿಕೆಗೆ ಬೇಕಾದ ಬಾರ್ ಪರೀಕ್ಷೆಗೆ ಕೂರಲು ಬಿಡಲಿಲ್ಲ: ಗಂಡ ಪೆನ್ಸಿಲ್ವೇನಿಯದವರು, ಮದುವೆಯಾದ ಮೇಲೆ ನೀವು ಹವಾಯಿ ನಿವಾಸಿಯಲ್ಲ ಎಂಬ ತಕರಾರು. ಅದನ್ನು ಪ್ರಶ್ನಿಸಿ ಗೆದ್ದರು, 1953ರಲ್ಲಿ ಪಾಸಾದರು. ಆದರೂ ಯಾರೂ ಕೆಲಸ ಕೊಡಲಿಲ್ಲ, ಸ್ವಂತ ಆಫೀಸು ತೆರೆದರು. ಈ ಭಾಗವನ್ನು ಅವಸರದಲ್ಲಿ ಓದಿಬಿಡಬೇಡಿ.

ಚುನಾವಣೆಯ ವಿಷಯಕ್ಕೆ ಬಂದಾಗ ಇಸವಿಗಳು ತಪ್ಪುವುದೇ ಹೆಚ್ಚು. ಅಲ್ಲಿ ಮತದಾನ ನವೆಂಬರ್‌ನಲ್ಲಿ, ಅಧಿಕಾರಾವಧಿ ಶುರುವಾಗುವುದು ಜನವರಿಯಲ್ಲಿ. ಹಾಗಾಗಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನ ಕೆಳಮನೆ ‘ಹೌಸ್‌’ಗೆ ಹೋದದ್ದನ್ನು ‘1964ರಲ್ಲಿ ಆಯ್ಕೆ, 1965ರಿಂದ ಸದಸ್ಯೆ’ ಎಂದೇ ಬರೆಯಿರಿ. 1956ರಲ್ಲಿ ಗೆದ್ದದ್ದು ಹವಾಯಿಯ ಪ್ರಾಂತೀಯ ಸಭೆಗೆ, ಕಾಂಗ್ರೆಸ್‌ಗಲ್ಲ. ಹವಾಯಿ ರಾಜ್ಯವಾದದ್ದೇ 1959ರಲ್ಲಿ.

‘ಕ್ಷೇತ್ರ ಯಾವುದು?’ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ, ಶಿರಾ ಮತ್ತು ಪಾವಗಡ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಸಹಜ. ಹವಾಯಿಯಲ್ಲಿ ಆಗ ಕ್ಷೇತ್ರ ವಿಂಗಡಣೆಯೇ ಇರಲಿಲ್ಲ, ಇಡೀ ರಾಜ್ಯದ ಮತದಾರರು ಎರಡೂ ಸೀಟುಗಳಿಗೆ ಮತ ಹಾಕುತ್ತಿದ್ದರು. 1971ರಿಂದ ಮಿಂಕ್ ಅವರದು ಎರಡನೇ ‘ಡಿಸ್ಟ್ರಿಕ್ಟ್’, ಅಂದರೆ ಎರಡನೇ ಕ್ಷೇತ್ರ. ಅವಧಿ ಎರಡೇ ವರ್ಷ ಅನ್ನುವುದನ್ನೂ ಹೇಳಿ, ಇಲ್ಲದಿದ್ದರೆ ಆರು ಬಾರಿ ಗೆದ್ದರು ಅಂದಾಗ ಕೇಳುವವರು ಮೂವತ್ತು ವರ್ಷ ಎಂದು ಲೆಕ್ಕ ಹಾಕುತ್ತಾರೆ. 1976ರಲ್ಲಿ ಮೇಲ್ಮನೆಯಾದ ಸೆನೆಟ್‌ಗೆ ಹೋಗಲು ನಿಂತು, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲೇ ಸೋತು, 1990ರಲ್ಲಿ ಹೌಸ್‌ಗೇ ಮರಳಿದರು.

ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ ನೈನ್ ಇವರ ದೊಡ್ಡ ಕೆಲಸ. ಆದರೆ ಒಬ್ಬರೇ ಬರೆದರು ಎನ್ನಬೇಡಿ. ಹೌಸ್ ಸದಸ್ಯೆ ಈಡಿತ್ ಗ್ರೀನ್, ಸೆನೆಟರ್ ಬರ್ಚ್ ಬೈ ಅವರ ಪಾಲು ದೊಡ್ಡದು, ಅವರನ್ನು ಬಿಟ್ಟರೆ ಅನ್ಯಾಯ. ಕಾಯ್ದೆಗೆ ಮಿಂಕ್ ಹೆಸರಿಟ್ಟದ್ದು 2002ರಲ್ಲಿ, ಅವರು ತೀರಿಕೊಂಡ ಮೇಲೆ.

ಕೊನೆಗೆ, ತೀರಿಕೊಂಡವರು ಚುನಾವಣೆ ಗೆಲ್ಲುವುದು ಹೇಗೆ ಎಂಬ ಪ್ರಶ್ನೆಗೆ ತಯಾರಿರಿ. ಮಿಂಕ್ 2002ರ ಸೆಪ್ಟೆಂಬರ್ 28ರಂದು ನಿಧನರಾದರು, ಹೆಸರು ಮತಪತ್ರದಲ್ಲಿ ಉಳಿದು ನವೆಂಬರ್‌ನಲ್ಲಿ ಗೆದ್ದರು. ನಮ್ಮಲ್ಲಿ ಹೀಗಾಗದು: ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮತದಾನಕ್ಕೆ ಮುನ್ನ ತೀರಿಕೊಂಡರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 52ನೇ ಕಲಂ ಪ್ರಕಾರ ಮತದಾನ ಮುಂದಕ್ಕೆ ಹೋಗುತ್ತದೆ. ಆ ಕಲಮಿನ ಪ್ರತಿಯೊಂದು ಕೈಯಲ್ಲಿರಲಿ.