ಸ್ಪ್ಲೆಂಡರ್‌ನಲ್ಲಿ ಫ್ಯಾನ್ ಗುಡ್ಡ ಹತ್ತಿದ್ದು: ನನ್ನ ಅನುಭವ

ಫ್ಯಾನ್ ಗುಡ್ಡ, ಅಂದರೆ ಗಾಳಿಯಿಂದ ಕರೆಂಟ್ ಮಾಡೋ ದೊಡ್ಡ ಫ್ಯಾನು ನಿಂತಿರೋ ಗುಡ್ಡ, ನಾಲ್ಕನೇ ಸಲಕ್ಕೆ ಸರಿಯಾಗಿ ಹತ್ತೋಕೆ ಆಯಿತು. ದಾವಣಗೆರೆಯಿಂದ ಹೊರಟು ಚಿತ್ರದುರ್ಗ, ಹೊಳಲ್ಕೆರೆ ಕಡೆ ಗುಡ್ಡ, ಹೊಸದುರ್ಗದ ಗುಡ್ಡ, ಮಾರಿಕಣಿವೆ (ವಾಣಿವಿಲಾಸ ಸಾಗರ) ಡ್ಯಾಂ, ಹಿರಿಯೂರು, ವಾಪಸ್ ಊರು. ಎರಡು ದಿನ, ಸುಮಾರು 340 ಕಿಲೋಮೀಟರ್. ಅದರಲ್ಲಿ 70ರಷ್ಟು ಬರೀ ಜಲ್ಲಿ, ಗರಸು, ಏರು. ಗಾಡಿ 2012ರ ಸ್ಪ್ಲೆಂಡರ್. ಒಂದು ಪಂಕ್ಚರ್ ಆಗಲಿಲ್ಲ, ಒಂದು ಸಲವೂ ಬೀಳಲಿಲ್ಲ.

ಇದನ್ನು ಬರೆಯಲು ಕಾರಣ ಇದೆ. ನಮ್ಮ ಗುಂಪಿನಲ್ಲಿ ಎಲ್ಲರದ್ದೂ ಎರಡು, ಎರಡೂವರೆ ಲಕ್ಷದ ಗಾಡಿ. "ಲೇ ಮಾರಾಯ, ಅದು ಹಾಲಿನ ಕ್ಯಾನ್ ಕಟ್ಟೋ ಗಾಡಿ, ಫ್ಯಾನ್ ಗುಡ್ಡಕ್ಕೆ ಅದನ್ನ ಯಾಕೆ ಕೊಲ್ತೀಯ" ಅಂತ ಮೂರು ವರ್ಷ ಹೇಳಿದರು. ನನ್ನ ಮೆಕ್ಯಾನಿಕ್ ಕೂಡ "ಬ್ಯಾಡ ಸರ" ಅಂದಿದ್ದ. ಗಾಡಿದು ತಪ್ಪಲ್ಲ, ಟೈರಿನ ಗಾಳಿದು ತಪ್ಪು ಅಂತ ನನಗೆ ಮೊದಲಿಂದ ಅನ್ನಿಸುತ್ತಿತ್ತು. ಅದೇ ನಿಜವಾಯಿತು.

ಫ್ಯಾನ್ ರಸ್ತೆ ಓಡಿಸಿದವರಿಗೆ ಗೊತ್ತು. ಉದ್ದದ ರೆಕ್ಕೆ ಹೊತ್ತ ಲಾರಿ ತಿರುಗಲಿ ಅಂತ ತಿರುವೆಲ್ಲ ಅಗಲ ಇರುತ್ತವೆ. ನೋಡೋಕೆ ಸಲೀಸು. ಆದರೆ ಲಾರಿ ಚಕ್ರ ಹೋದಲ್ಲಿ ಎರಡು ಗಟ್ಟಿ ಜಾಡು, ನಡುವೆ ಉದುರು ಜಲ್ಲಿಯ ದಿಬ್ಬ. ಈ ಜಾಡಿನಿಂದ ಆ ಜಾಡಿಗೆ ದಾಟುವಾಗಲೇ ಮುಂದಿನ ಚಕ್ರ ಕೈಕೊಡೋದು.

ಮೊದಲ ಸಲ ಫಾಲ್ಗುಣದಲ್ಲಿ ಹೋಗಿದ್ದೆ. ಡಾಂಬರಿಗೆ ಹಾಕುವ ಹಾಗೆ ಮುಂದೆ 30, ಹಿಂದೆ 36 ಪಾಯಿಂಟ್ (ಪಿಎಸ್ಐ) ಗಾಳಿ. ಟೈರು ಕಲ್ಲಿನ ಮೇಲೆ ಗೋಲಿ ಹಾಗೆ ಜಾರಿತು. ಎರಡನೇ ತಿರುವಲ್ಲೇ ಬಿದ್ದೆ. ಕ್ಲಚ್ ಲಿವರ್ ಮುರಿಯಿತು, ಮಂಡಿ ತರಚಿತು. ಲಿವರ್‌ಗೆ 150 ರೂಪಾಯಿ ಹೋಯಿತು, ಮಂಡಿಗೆ ಹದಿನೈದು ದಿನ ಹೋಯಿತು.

ಎರಡನೇ ಸಲ ಗಾಳಿ ತೀರಾ ಇಳಿಸಿದೆ, 12ರ ಹತ್ತಿರ. ಹಿಡಿತ ಎಷ್ಟು ಚೆನ್ನಾಗಿತ್ತು ಅಂದರೆ ಖುಷಿಯಲ್ಲಿ ಹಾಡಿಕೊಂಡು ಹತ್ತಿದೆ. ಒಂದು ಚೂಪು ಕಲ್ಲಿಗೆ ರಿಮ್ ಬಡಿಯಿತು. ಟ್ಯೂಬ್ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು. ಪ್ಯಾಚ್ ಹಾಕಿ ಅರ್ಧ ಕಿಲೋಮೀಟರ್ ಹೋಗಿಲ್ಲ, ಹಿಂದಿನದ್ದೂ ಅದೇ ಕತೆ. ನಾಲ್ಕು ಕಿಲೋಮೀಟರ್ ತಳ್ಳಿದೆ, ಏಪ್ರಿಲ್ ಬಿಸಿಲಲ್ಲಿ.

ನಡುವೆ ಗುಬಟು ಗುಬಟು ಇರೋ ಟೈರು ಹಾಕಿ ನೋಡಿದೆ. ಜೋಡಿಗೆ 3,800 ರೂಪಾಯಿ. ಜಲ್ಲಿಯಲ್ಲಿ ಪರವಾಗಿಲ್ಲ. ಆದರೆ ಹೈವೇಯಲ್ಲಿ ಗುಂಯ್ ಅಂತ ಕಿವಿ ತಿನ್ನುತ್ತೆ, ಮೈಲೇಜ್ 60ರಿಂದ 48ಕ್ಕೆ ಬಿತ್ತು. ದಿನಾ ಅಂಗಡಿಗೆ ಹೋಗೋದೂ ಇದೇ ಗಾಡಿಯಲ್ಲಿ ಅಲ್ವಾ? ಅರ್ಧ ರೇಟಿಗೆ ಮಾರಿದೆ. ಹಳೇ ಮಾಮೂಲಿ ಟೈರಿಗೇ ವಾಪಸ್ ಬಂದೆ.

ಮೂರನೇ ಸಲ ದಪ್ಪ ಟ್ಯೂಬ್ ಹಾಕಿಸಿದೆ, ಒಂದಕ್ಕೆ 450 ಇರಬೇಕು. ಗಾಳಿ ಮುಂದೆ 18, ಹಿಂದೆ 22. ಹಾವು ಕಚ್ಚೋದು ನಿಂತಿತು. ಆದರೆ ಹೊಸದುರ್ಗದ ಹತ್ತಿರ ಹಿಂದಿನ ವಾಲ್ವ್ ಬುಡದಲ್ಲೇ ಹರಿಯಿತು. ಇದು ಯಾಕೆ ಅಂತ ತಿಳಿಯೋಕೆ ನನಗೆ ಒಂದು ಮಳೆಗಾಲ ಬೇಕಾಯಿತು. ಗಾಳಿ ಕಡಿಮೆ ಇದ್ದಾಗ ಏರಿನಲ್ಲಿ ರೇಸ್ ಕೊಟ್ಟರೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ, ಟೈರು ರಿಮ್ಮಿನ ಮೇಲೆ ಕೂದಲೆಳೆಯಷ್ಟು ಸರಿಯುತ್ತೆ. ಟ್ಯೂಬನ್ನೂ ಎಳೆದುಕೊಂಡು ಹೋಗುತ್ತೆ. ವಾಲ್ವ್ ಮಾತ್ರ ರಿಮ್ಮಿನ ತೂತಲ್ಲಿ ನಿಂತಿರುತ್ತೆ. ಅದಕ್ಕೆ ನಟ್ ಬಿಗಿಯಾಗಿ ಹಾಕಿದ್ದರೆ ಕುತ್ತಿಗೆ ಹಿಸುಕಿದ ಹಾಗೆ.

ಈಗ ನಾನು ಆ ನಟ್ಟನ್ನು ರಿಮ್ಮಿಗೆ ತಾಗಿಸೋದೇ ಇಲ್ಲ. ಮೇಲಕ್ಕೆ ತಿರುಗಿಸಿ ಕ್ಯಾಪಿಗೆ ಒತ್ತಿ ನಿಲ್ಲಿಸುತ್ತೇನೆ. ಟೈರು ಸರಿದರೆ ವಾಲ್ವ್ ವಾಲಿ ನಿಲ್ಲುತ್ತೆ, ಗಾಳಿಗೆ ಬಗ್ಗಿದ ಜೋಳದ ದಂಟಿನ ಹಾಗೆ. ಇಪ್ಪತ್ತು ಕಿಲೋಮೀಟರಿಗೊಮ್ಮೆ ಇಳಿದು ನೋಡುತ್ತೇನೆ. ಬೆರಳಗಲ ವಾಲಿದ್ದರೆ ಗಾಳಿ ಬಿಟ್ಟು, ಟೈರನ್ನು ಕೈಯಲ್ಲಿ ಹಿಂದಕ್ಕೆ ಎಳೆದು, ಮತ್ತೆ ಪಂಪ್ ಹೊಡೆಯೋದು. ಹತ್ತು ನಿಮಿಷದ ಕೆಲಸ. ಟ್ಯೂಬಿಗೆ ಪೌಡರ್ ಸವರೋದು ಮರೆಯಬೇಡಿ. ಹಿಂದಿನ ಟೈರಿನೊಳಗೆ ಇನ್ನೊಂದು ಕೆಲಸ ಮಾಡಿದ್ದೇನೆ. ಅದನ್ನು ಇನ್ನೊಂದು ಬೇಸಿಗೆ ಓಡಿಸಿದ ಮೇಲೆ ಹೇಳುತ್ತೇನೆ, ಈಗ ಬೇಡ.

ಗಾಳಿ ಅಳೆಯೋದು ಬೆಳಗ್ಗೆ, ಟೈರು ತಣ್ಣಗಿದ್ದಾಗ ಮಾತ್ರ. ಮುಂಜಾನೆ 18 ಇದ್ದದ್ದು ಮಧ್ಯಾಹ್ನ 21 ತೋರಿಸುತ್ತೆ. ಅದನ್ನು ನೋಡಿ ಗಾಳಿ ಬಿಟ್ಟರೆ ಸಂಜೆಗೆ ರಿಮ್ ಬಡಿಯೋದು ಗ್ಯಾರಂಟಿ. ಮೀಟರು 350, ಕಾಲಲ್ಲಿ ಒತ್ತೋ ಪಂಪು 600 ಚಿಲ್ಲರೆ.

ಹಿಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಎರಡು ಹಲ್ಲು ಜಾಸ್ತಿ ಇರೋದನ್ನು ಹಾಕಿಸಿದೆ. ಚೈನ್ ಸೇರಿ 1,300 ಆಯಿತು. ಹೈವೇಯಲ್ಲಿ 60 ದಾಟಿದರೆ ಇಂಜಿನ್ ಕೂಗುತ್ತೆ, ನಿಜ. ಆದರೆ ಫಸ್ಟ್ ಗೇರಲ್ಲಿ ಕಾಲು ಊರದೆ ಹತ್ತುತ್ತೆ. ಲಗೇಜ್ ಕ್ಯಾರಿಯರ್ ಮೇಲೆ ಕಟ್ಟಲಿಲ್ಲ, ಹಿಂದೆ ಅದರ ಪಟ್ಟಿ ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿಸಿದ್ದೆ. ಈ ಸಲ ಎರಡು ಚೀಲ ಸೀಟಿನ ಎರಡೂ ಕಡೆ, ಆದಷ್ಟು ಕೆಳಗೆ. ಒಟ್ಟು ಎಂಟು ಕೆಜಿ.

ಇನ್ನು ಹೊರಡುವ ದಿನ. ಯುಗಾದಿ ಆದ ಮೇಲೆ ರೇವತಿ ಮಳೆ ನಾಲ್ಕು ಹನಿ ಬಿತ್ತು. ಮಾರನೇ ದಿನ ಐದಕ್ಕೆ ಮನೆ ಬಿಟ್ಟೆ. ಒಣ ಗರಸು ಕಾಲಡಿ ಉರುಳುತ್ತೆ, ಒಂದು ಹದ ಮಳೆ ಬಿದ್ದರೆ ಕೂತುಕೊಳ್ಳುತ್ತೆ. ಜೋರು ಮಳೆ ಆದರೆ ಕೊರಕಲು ಬೀಳುತ್ತೆ, ಅದಕ್ಕೆ ಹೋಗಬಾರದು. ಗುಡ್ಡದ ಮೇಲೆ ನಿಜವಾದ ಗಾಳಿ ಶುರುವಾಗೋದು ಮುಂಗಾರಿಗೆ. ಚೈತ್ರದಲ್ಲಿ ಎಷ್ಟೋ ಫ್ಯಾನು ಸುಮ್ನೆ ನಿಂತಿರುತ್ತವೆ. ಹಾಗಾಗಿ ರಿಪೇರಿ ಜೀಪು ಈಗಲೇ ಜಾಸ್ತಿ ಓಡಾಡೋದು, ತಿರುವಿನಲ್ಲಿ ಹಾರ್ನ್ ಹೊಡೆಯೋದು ಮರೆಯಬೇಡಿ. ಜೋಗಿಮಟ್ಟಿ ಕಡೆ ನಾನು ಹೋಗಲಿಲ್ಲ. ಅದು ವನ್ಯಜೀವಿ ಧಾಮ, ಕಾಡು ಒಣಗಿರೋ ಕಾಲ, ಅಲ್ಲಿ ಗಾಡಿ ಆಟ ಬೇಡ.

ಫ್ಯಾನ್ ಗುಡ್ಡದ ಗೇಟಿನ ಹತ್ತಿರ ಕಾವಲಿನ ಅಜ್ಜ ತಡೆದರು. ಹೇಗೆ ಒಪ್ಪಿಸಿದೆ ಅನ್ನೋದು ನನಗೂ ಅವರಿಗೂ ಬಿಟ್ಟದ್ದು. ದುಡ್ಡಂತೂ ಕೊಟ್ಟಿಲ್ಲ. ಗಾಡಿ ನೋಡಿ "ತಮ್ಮಾ, ಇದು ಹತ್ತಲ್ಲ, ಇಲ್ಲೇ ನಿಲ್ಸಿ ನಡ್ಕಂಡು ಹೋಗು" ಅಂದರು. ಅರ್ಧ ಗಂಟೆ ಬಿಟ್ಟು ಮೇಲಿಂದ ಹಾರ್ನ್ ಹೊಡೆದೆ. ಕೆಳಗಿಂದ ಟವೆಲ್ ಬೀಸಿದರು.

ಇಳಿಯುವಾಗ ಸೆಕೆಂಡ್ ಗೇರ್, ಹಿಂದಿನ ಬ್ರೇಕ್ ಮುಟ್ಟಿ ಬಿಡೋದು. ಒಂದು ಕಡೆ ಆತುರದಲ್ಲಿ ಒತ್ತಿಕೊಂಡೇ ಬಂದೆ, ಬ್ರೇಕ್ ಡ್ರಮ್ ಕಾದು ಪೆಡಲ್ ಮೆತ್ತಗಾಯಿತು. ಮುತ್ತುಗದ ಮರದ ಕೆಳಗೆ ಇಪ್ಪತ್ತು ನಿಮಿಷ ನಿಲ್ಲಿಸಿದೆ. ಹೂವು ಉದುರಿ ಸೀಟಿನ ಮೇಲೆಲ್ಲ ಕೇಸರಿ. ಕಾದ ಡ್ರಮ್ಮಿಗೆ ನೀರು ಮಾತ್ರ ಹುಯ್ಯಬೇಡಿ, ಸೀಳಬಹುದು.

ಏರ್ ಫಿಲ್ಟರ್ ಬಾಯಿಗೆ ಹಳೇ ಕಾಲುಚೀಲ ಕಟ್ಟಿ ನೋಡಿದೆ. ಧೂಳು ನಿಂತಿತು, ಆದರೆ ಏರಿನಲ್ಲಿ ಉಸಿರು ಕಟ್ಟಿತು. ಬಿಚ್ಚಿ ಬಿಸಾಕಿದೆ. ತೆಳು ಪಂಚೆ ಬಟ್ಟೆ ಒಂದು ಪದರ ಸಾಕು. ಸಂಜೆ ಬಿಚ್ಚಿದರೆ ಅದರ ಮೇಲೆ ಕೆಂಪು ಹಿಟ್ಟಿನ ಹಾಗೆ ಧೂಳು.

ಎರಡನೇ ದಿನ ಮಾರಿಕಣಿವೆ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜಾತ್ರೆ ಹಾಗೆ ಜನ ಸೇರಿದ್ದರು, ಗಾಡಿ ನಿಲ್ಲಿಸೋಕೆ ಜಾಗ ಇರಲಿಲ್ಲ. ಈ ಸಲ ನಾನು, ನೀರು, ಇಬ್ಬರೇ. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆ.

ಪೆಟ್ರೋಲಿಗೆ 700 ಚಿಲ್ಲರೆ, ಹೊಸದುರ್ಗದಲ್ಲಿ ರೂಮಿಗೆ 500, ಊಟ ಚಹಾ 400. ಮೂರು ವರ್ಷ ಕೆಟ್ಟ ಪ್ರಯೋಗಕ್ಕೆ ಹೋದದ್ದು ಆರೇಳು ಸಾವಿರ ಇರಬಹುದು, ಅದು ಬೇರೆ.

ರಾತ್ರಿ ಎಂಟಕ್ಕೆ ದಾವಣಗೆರೆ. ಸೀದಾ ಮೆಕ್ಯಾನಿಕ್ ಅಂಗಡಿಗೇ ಹೋದೆ. ಅವನು ಬಾಗಿಲು ಎಳೆಯುತ್ತಿದ್ದ. ಏನೂ ಕೇಳಲಿಲ್ಲ. ಕೂತು ಮೊಬೈಲ್ ಬೆಳಕು ಬಿಟ್ಟು ಹಿಂದಿನ ಚಕ್ರ ತಿರುಗಿಸಿದ. ವಾಲ್ವ್ ನೆಟ್ಟಗಿತ್ತು. ಧೂಳು ಒರೆಸಿ ಇನ್ನೊಂದು ಸಲ ನೋಡಿದ.

"ಎಷ್ಟು ಗಾಳಿ ಹಾಕಿದ್ರಿ ಸರ?" ಅಂದ.