ಶಾಸಕರ ವರದಿ ಬರೆಯುವವರಿಗೆ: ಕಾಯ್ದೆ ಎಲ್ಲಿಗೆ ಬಂದಿದೆ, ದುಡ್ಡು ಎಲ್ಲಿಗೆ ಬಂದಿದೆ ಅಂತ ಹೇಳಿ

ನಾನು ಒಬ್ಬ ಶಾಸಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರಿಗೆ ಕಾಯುತ್ತಿರುವ ಭಾಗದ ಕ್ಷೇತ್ರ. ಪ್ರತಿ ಅಧಿವೇಶನ ಮುಗಿದ ಮೇಲೆ ಕ್ಷೇತ್ರದ ಜನರಿಗೆ ನಾಲ್ಕು ಪುಟದ ವರದಿ ಕಳಿಸುತ್ತೇವೆ. ಯಾವ ಹೊಸ ಕಾಯ್ದೆ ಬಂತು, ನಮ್ಮ ತಾಲ್ಲೂಕಿಗೆ ಎಷ್ಟು ಅನುದಾನ ಸಿಕ್ಕಿತು, ಅದು ಯಾವ ಊರಿನ ಯಾವ ಕೆಲಸಕ್ಕೆ ಹೋಯಿತು ಅಂತ ಅದರಲ್ಲಿರುತ್ತದೆ. ಬರೆಯುವುದು ನಾನು, ಸಹಿ ಶಾಸಕರದು. ಬೇರೆ ಕ್ಷೇತ್ರಗಳಲ್ಲಿ ಇದೇ ಕೆಲಸ ಮಾಡುವ ಗೆಳೆಯರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಶಾಸಕರು ಆಡಳಿತ ಪಕ್ಷದವರಾದರೂ ಸರಿ, ವಿರೋಧ ಪಕ್ಷದವರಾದರೂ ಸರಿ, ಕ್ರಮ ಒಂದೇ.

ಒಮ್ಮೆ ಸಂತೆಯಲ್ಲಿ ಒಬ್ಬ ತಾಯಿ ನಮ್ಮ ವರದಿ ಕೈಯಲ್ಲಿ ಹಿಡಿದು ಕೇಳಿದರು: "ಎಲ್ಲಾ ಓದಿಸಿಕೊಂಡೆ ಕಣಪ್ಪಾ. ನಮ್ಮೂರಿನ ನೀರಿನ ಟ್ಯಾಂಕಿಗೆ ದುಡ್ಡು ಬಂದೈತೋ, ಇನ್ನೂ ಬರ್ಬೇಕೋ?" ಇಡೀ ವರದಿ ಉತ್ತರ ಕೊಡಬೇಕಾದ ಪ್ರಶ್ನೆ ಅದು. ಈಗ ಪ್ರತಿ ಸಾಲು ಬರೆದ ಮೇಲೂ ಅದನ್ನೇ ಕೇಳಿಕೊಳ್ಳುತ್ತೇನೆ. ಬಂದಿದೆಯಾ, ಇನ್ನೂ ಬರಬೇಕಾ? ಬರಬೇಕಾದರೆ ಈಗ ಯಾರ ಮೇಜಿನ ಮೇಲಿದೆ?

ಕಾಗದ ಕೂಡಿಸುವುದು

ಅಧಿವೇಶನ ಮುಗಿಯುವ ತನಕ ಕಾಯಬೇಡಿ. ಬೆಂಗಳೂರಿನ ವಿಧಾನಸೌಧದಲ್ಲಿರಲಿ, ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿರಲಿ, ಸದನ ನಡೆಯುವ ದಿನಗಳಲ್ಲೇ ಕಾಗದ ಕೈಗೆ ಬರುತ್ತದೆ. ಆಮೇಲೆ ಹುಡುಕಿದರೆ ಸಿಗುವುದು ಕಷ್ಟ. ಮಂಡನೆಯಾದ ಮಸೂದೆಗಳ ಪ್ರತಿ ತೆಗೆದಿಡಿ. ಸರ್ಕಾರಿ ಆದೇಶಗಳನ್ನು ಸಂಖ್ಯೆ, ದಿನಾಂಕ ಸಮೇತ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ನಿಮ್ಮ ಶಾಸಕರ ಪ್ರಶ್ನೆಗಳಿಗೆ ಮಂತ್ರಿಗಳು ಕೊಟ್ಟ ಲಿಖಿತ ಉತ್ತರಗಳು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸದನದಲ್ಲಿ ಚರ್ಚೆಯೂ ಆಗುತ್ತದೆ. ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದ ಉತ್ತರ ಮಾತ್ರ. ನನಗೆ ಎರಡನೆಯದೇ ಜಾಸ್ತಿ ಉಪಯೋಗಕ್ಕೆ ಬಂದಿದೆ. ಎಷ್ಟು ಶಾಲಾ ಕೊಠಡಿ ಮಂಜೂರು, ಎಷ್ಟು ಪೂರ್ಣ, ಎಷ್ಟು ಬಾಕಿ ಅಂತ ಅನುಬಂಧದಲ್ಲಿ ಊರಿನ ಹೆಸರಿನ ಸಮೇತ ಬಂದಿರುತ್ತದೆ. ಮಂತ್ರಿಗಳು ಸದನಕ್ಕೆ ಕೊಟ್ಟ ಲೆಕ್ಕ ಅದು. ವರದಿಯಲ್ಲಿ ಪ್ರಶ್ನೆ ಸಂಖ್ಯೆ, ದಿನಾಂಕ ಹಾಕಿದರೆ ಓದುಗರು ತಾವೇ ತೆಗೆದು ನೋಡಬಹುದು.

ಕಾಯ್ದೆಯ ಬಗ್ಗೆ ಬರೆಯುವಾಗ

ವಿಧಾನಸಭೆಯಲ್ಲಿ ಮಸೂದೆ ಪಾಸಾಯಿತು ಅಂತ ಟಿವಿಯಲ್ಲಿ ಬಂದ ಕೂಡಲೇ ಜನ ಕಾಯ್ದೆ ಬಂತು ಅಂದುಕೊಳ್ಳುತ್ತಾರೆ. ಅದು ಸಹಜ. ಆದರೆ 224 ಸದಸ್ಯರ ವಿಧಾನಸಭೆ ಒಪ್ಪಿದ ಮೇಲೆ 75 ಸದಸ್ಯರ ವಿಧಾನ ಪರಿಷತ್ತು ಇದೆ. ಅಲ್ಲಿಂದ ರಾಜ್ಯಪಾಲರ ಅಂಕಿತಕ್ಕೆ ಹೋಗಬೇಕು. ಸಂವಿಧಾನದ 200ನೇ ವಿಧಿ ಪ್ರಕಾರ ಅವರು ಒಪ್ಪಬಹುದು, ವಾಪಸ್ ಕಳಿಸಬಹುದು, ರಾಷ್ಟ್ರಪತಿಗಳಿಗೆ ಕಾಯ್ದಿರಿಸಬಹುದು. ಅಂಕಿತ ಬಿದ್ದ ಮೇಲೆ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಅಷ್ಟಾದರೂ ಕಾಯ್ದೆ ಅವತ್ತೇ ಜಾರಿಗೆ ಬರಬೇಕು ಅಂತೇನಿಲ್ಲ. "ಸರ್ಕಾರ ಅಧಿಸೂಚಿಸುವ ದಿನದಿಂದ" ಅಂತ ಮೊದಲ ಪ್ರಕರಣದಲ್ಲಿ ಬರೆದಿದ್ದರೆ ಆ ಅಧಿಸೂಚನೆಗೂ ಕಾಯಬೇಕು. ಅರ್ಜಿ ನಮೂನೆ, ಶುಲ್ಕ, ಯಾವ ಅಧಿಕಾರಿಗೆ ಕೊಡಬೇಕು ಅನ್ನುವುದೆಲ್ಲ ಸಾಮಾನ್ಯವಾಗಿ ನಿಯಮಗಳಲ್ಲಿ ಬರುತ್ತದೆ. ಅವು ಇನ್ನೂ ಆಮೇಲೆ.

ಆದ್ದರಿಂದ ಪ್ರತಿ ಕಾಯ್ದೆಯ ಹೆಸರಿನ ಕೆಳಗೆ ಮೊದಲ ಸಾಲಿನಲ್ಲೇ ಅದು ಎಲ್ಲಿಗೆ ಬಂದಿದೆ ಅಂತ ಬರೆಯಿರಿ. ಅಂಗಡಿ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅನ್ನುವ ತಿದ್ದುಪಡಿಯನ್ನೇ ನೋಡಿ. 2024ರ ಜನವರಿಯಲ್ಲಿ ಸರ್ಕಾರ ರಾಜ್ಯಪಾಲರಿಗೆ ಸುಗ್ರೀವಾಜ್ಞೆ (ಸದನ ಸೇರದಿರುವಾಗ ರಾಜ್ಯಪಾಲರ ಅಂಕಿತದಿಂದ ತರುವ ತಾತ್ಕಾಲಿಕ ಕಾನೂನು) ಕಳಿಸಿತು. ಅಧಿವೇಶನ ಹತ್ತಿರದಲ್ಲೇ ಇದೆ, ಸದನದಲ್ಲೇ ಮಂಡಿಸಿ ಅಂತ ರಾಜ್ಯಪಾಲರು ವಾಪಸ್ ಕಳಿಸಿದರು. ಫೆಬ್ರುವರಿಯಲ್ಲಿ ಅದು ಮಸೂದೆಯಾಗಿ ಪಾಸಾಯಿತು. ಜನವರಿಯಲ್ಲೇ "ಕಾಯ್ದೆ ಜಾರಿ" ಅಂತ ಬರೆದವರು ಬಸ್ ಸ್ಟ್ಯಾಂಡಿನ ಅಂಗಡಿಯವರಿಗೆ ಏನು ಹೇಳಬೇಕಿತ್ತು?

ಮೈಕ್ರೋ ಫೈನಾನ್ಸ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಕಿರುಸಾಲ ವಸೂಲಿಯ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಒಮ್ಮೆ ವಾಪಸ್ ಬಂದು, 2025ರ ಫೆಬ್ರುವರಿಯಲ್ಲಿ ಅಂಕಿತ ಪಡೆಯಿತು. ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷ ರೂಪಾಯಿ ತನಕ ದಂಡ ಅಂತ ಅದರಲ್ಲಿತ್ತು. ಸುಗ್ರೀವಾಜ್ಞೆಗೆ ಆಯಸ್ಸು ಕಮ್ಮಿ. ಸದನ ಮತ್ತೆ ಸೇರಿದ ಮೇಲೆ ಆರು ವಾರದೊಳಗೆ ಅದರ ಜಾಗದಲ್ಲಿ ಕಾಯ್ದೆ ಬರದಿದ್ದರೆ ಬಿದ್ದುಹೋಗುತ್ತದೆ. ಇದರಲ್ಲಿ ಮಾರ್ಚ್ ಅಧಿವೇಶನದಲ್ಲೇ ಮಸೂದೆ ಬಂತು. ಆ ದಿನಗಳಲ್ಲಿ ನಮ್ಮ ಕಚೇರಿಗೆ ಬಂದ ಹೆಣ್ಣುಮಕ್ಕಳೆಲ್ಲ ಕೇಳಿದ್ದು ಒಂದೇ: "ಸಂಘದ ಸಾಲ ಮನ್ನಾ ಆಯ್ತಾ ಸರ್?" ಹಾಗಾಗಿ ವರದಿಯಲ್ಲಿ ಶಿಕ್ಷೆಯ ಅಂಕಿಗಿಂತ ಮೊದಲು ಇದನ್ನು ಬರೆದೆವು: ಈ ಕಾನೂನು ಮನೆ ಮುಂದೆ ಬಂದು ಬೆದರಿಸುವುದನ್ನು ತಡೆಯಲಿಕ್ಕೆ, ಎಲ್ಲ ಸಾಲವೂ ಮನ್ನಾ ಆಯಿತು ಅಂತ ಅಲ್ಲ, ಕಿರುಕುಳ ಆದರೆ ಪೊಲೀಸ್ ಠಾಣೆಗೆ ದೂರು ಕೊಡಿ. ಯಾವ ಕಾಯ್ದೆಯೇ ಇರಲಿ, ಅದು ಏನಲ್ಲ ಅನ್ನುವ ಒಂದು ಸಾಲು ಇರಲೇಬೇಕು. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ವಿಷಯದಲ್ಲೂ ಹಾಗೇ ಮಾಡಿದೆವು. ಅನಧಿಕೃತ ಬಡಾವಣೆಯ ಆಸ್ತಿಗೆ ಕೊಡುವ ಬಿ-ಖಾತಾ ಸಿಕ್ಕಿತು ಅಂದರೆ ಆ ಬಡಾವಣೆ ಸಕ್ರಮವಾಯಿತು ಅಂತ ಅರ್ಥವಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದೆವು.

ಮಸೂದೆ ಓದುವುದಕ್ಕೆ ವಕೀಲರೇ ಆಗಬೇಕಿಲ್ಲ. ಕೊನೆಯಲ್ಲಿರುವ ಉದ್ದೇಶ ಮತ್ತು ಕಾರಣಗಳ ಹೇಳಿಕೆಯಿಂದ ಶುರು ಮಾಡಿ. ಆಮೇಲೆ ಮೊದಲ ಪ್ರಕರಣ, ಯಾವಾಗಿಂದ ಜಾರಿ ಅಂತ. ಆಮೇಲೆ ಪರಿಭಾಷೆಗಳು, ಯಾರಿಗೆ ಅನ್ವಯ ಅಂತ ಗೊತ್ತಾಗುವುದು ಅಲ್ಲೇ. ಕೊನೆಗೆ ದಂಡ, ಮೇಲ್ಮನವಿ. "ಅಧಿಸೂಚಿಸಬಹುದಾದಂತೆ" ಅಂತ ಇರುವ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಅಲ್ಲೆಲ್ಲ ಇನ್ನೂ ಏನೋ ತೀರ್ಮಾನ ಬಾಕಿ ಇದೆ ಅಂತ ಲೆಕ್ಕ. 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಕಲ್ಯಾಣ ಶುಲ್ಕ ಶೇ. 1ರಿಂದ 5ರ ಒಳಗೆ ಅಂತ ಮಾತ್ರ ಇದೆ, ನಿಖರ ದರಕ್ಕೆ ಬೇರೆ ಅಧಿಸೂಚನೆ ಬೇಕು. ನಮ್ಮ ಪಟ್ಟಣದ ಡೆಲಿವರಿ ಹುಡುಗರಿಗೆ ಮುಖ್ಯವಾಗಿ ತಿಳಿಯಬೇಕಾದದ್ದು, ಆ ಶುಲ್ಕ ಕಟ್ಟಬೇಕಾದವರು ಕಂಪನಿಯವರು, ಹುಡುಗರಲ್ಲ ಅನ್ನುವುದು.

ಇನ್ನು ಗೃಹಲಕ್ಷ್ಮಿಯ 2,000 ರೂಪಾಯಿ, ಶಕ್ತಿ ಬಸ್ ಪ್ರಯಾಣ ಇಂಥವು ಸರ್ಕಾರಿ ಆದೇಶದಿಂದ ನಡೆಯುವ ಯೋಜನೆಗಳು. ಇವನ್ನು ಕಾಯ್ದೆಗಳ ಪಟ್ಟಿಗೆ ಸೇರಿಸದೆ ಬೇರೆ ಕಾಲಂನಲ್ಲಿ ಕೊಡಿ.

ಅನುದಾನದ ಪುಟ

ಜನ ಮೊದಲು ತೆಗೆಯುವುದೇ ಈ ಪುಟ. ನಿಮ್ಮ ಸಮಯದ ಮುಕ್ಕಾಲು ಪಾಲು ಇದಕ್ಕೇ ಇಡಿ.

ಮೊದಲು ಯಾರ ದುಡ್ಡು ಅನ್ನುವುದನ್ನು ಬಿಡಿಸಿ ಬರೆಯಿರಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಇದು ಶಾಸಕರ ಕೈಗೆ ಬರುವ ಹಣ ಅಲ್ಲ. ಅವರು ಕೆಲಸ ಸೂಚಿಸುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ, ಇನ್ನೊಂದು ಏಜೆನ್ಸಿ ಕೆಲಸ ಮಾಡಿಸುತ್ತದೆ. ಕ್ಷೇತ್ರದಲ್ಲಿ 2 ಲಕ್ಷ ಮತದಾರರಿದ್ದರೆ ತಲೆಗೆ 100 ರೂಪಾಯಿ ಬಿದ್ದಂತಾಯಿತು. ಈ ಲೆಕ್ಕ ನಾವು ವರದಿಯಲ್ಲಿ ಹಾಕಿದ ಮೇಲೆ ಸಮುದಾಯ ಭವನದ ಬೇಡಿಕೆ ತರುವವರ ಮಾತಿನ ಧಾಟಿಯೇ ಬದಲಾಯಿತು. ಯಾವ ಊರಿಗೆ ಮೊದಲು, ಯಾಕೆ ಅಂತ ಕೂತು ಮಾತಾಡುವುದಕ್ಕೆ ಶುರು ಮಾಡಿದರು.

ಉಳಿದ ದೊಡ್ಡ ಕೆಲಸಗಳಿಗೆ ಹಣ ಬರುವುದು ಲೋಕೋಪಯೋಗಿ, ಗ್ರಾಮೀಣಾಭಿವೃದ್ಧಿ, ನೀರಾವರಿಯಂಥ ಇಲಾಖೆಗಳಿಂದ. ಜಲಜೀವನ್ ಮಿಷನ್‌ನಲ್ಲಿ ಕೇಂದ್ರದ ಪಾಲೂ ಇದೆ, ರಾಜ್ಯದ ಪಾಲೂ ಇದೆ. ಹಣಕಾಸು ಆಯೋಗದ ಅನುದಾನ ಪಂಚಾಯಿತಿಯದು, ಅದರ ತೀರ್ಮಾನ ಮಾಡುವವರು ಪಂಚಾಯಿತಿ ಸದಸ್ಯರು. ಪಂಚಾಯಿತಿ ದುಡ್ಡಿನ ಚರಂಡಿಯನ್ನು ಶಾಸಕರ ಪಟ್ಟಿಗೆ ಸೇರಿಸಿದರೆ ಆ ಊರಿನ ಸದಸ್ಯರಿಗೆ ಮಾಡುವ ಅನ್ಯಾಯ ಅದು. ನಮ್ಮ ಶಾಸಕರಿಗೆ ಇದನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ನಿಮ್ಮ ಕಡೆ ಕಷ್ಟವಾದರೆ, ಆ ಸದಸ್ಯರು ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿದರೆ ಏನು ಹೇಳ್ತೀರಿ ಸರ್ ಅಂತ ವಿನಯವಾಗಿ ಕೇಳಿ.

ಆಮೇಲೆ ಹಂತ. ಒಂದು ರಸ್ತೆಗೆ ಬಜೆಟ್ಟಿನಲ್ಲಿ ಘೋಷಣೆ ಆಗುತ್ತದೆ. ಕ್ರಿಯಾಯೋಜನೆಯಲ್ಲಿ ಸೇರಬೇಕು. ಎಸ್ಟಿಮೇಟ್ ಆಗಬೇಕು. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಆಮೇಲೆ ಗುದ್ದಲಿ ಪೂಜೆ. ಕೆಲಸ ಮುಗಿದ ಮೇಲೂ ಬಿಲ್ ಬಾಕಿ ಇರಬಹುದು. ಈ ಎಲ್ಲ ಹಂತದಲ್ಲೂ "5 ಕೋಟಿ ಅನುದಾನ ತಂದಿದ್ದೇವೆ" ಅಂತ ಬರೆಯಬಹುದು, ಅಲ್ವಾ? ತೊಂದರೆ ಅಲ್ಲೇ ಇರುವುದು. ಒಂದೇ ಐದು ಕೋಟಿ ಮೂರು ವರ್ಷ ಮೂರು ವರದಿಯಲ್ಲಿ ಬಂದರೆ ಜನ ಹದಿನೈದು ಕೋಟಿ ಅಂದುಕೊಳ್ಳುತ್ತಾರೆ. ಆಮೇಲೆ ಆ ಹಣ ಎಲ್ಲಿ ಅಂತ ಕೇಳುತ್ತಾರೆ. ಕೇಳುವುದು ನ್ಯಾಯ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದೇ ಬೇಕಿಲ್ಲ. 2023ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣ ಬಿಡುಗಡೆಯಾಗಿಲ್ಲ ಅನ್ನುವ ಮಾತು ಅದಾದ ಮೇಲೆ ರಾಜ್ಯ ಬಜೆಟ್ ಭಾಷಣದಲ್ಲೂ ಬಂತು, ಸದನದಲ್ಲೂ ಬಂತು. ಬೋರ್‌ವೆಲ್ ಬತ್ತಿ ತೋಟ ಒಣಗಿಸಿಕೊಂಡ ರೈತರಿಗೆ ಘೋಷಣೆ ಬೇರೆ, ಬಿಡುಗಡೆ ಬೇರೆ ಅಂತ ನಮಗಿಂತ ಚೆನ್ನಾಗಿ ಗೊತ್ತು.

ನಾವು ಕೋಷ್ಟಕದಲ್ಲಿ ಊರು, ಕೆಲಸ, ಯಾವ ಇಲಾಖೆಯ ಹಣ, ಮಂಜೂರಾದದ್ದು, ಬಿಡುಗಡೆಯಾದದ್ದು, ಖರ್ಚಾದದ್ದು, ಈಗ ಎಲ್ಲಿದೆ ಅಂತ ಕಾಲಂ ಹಾಕುತ್ತೇವೆ. ಹಿಂದಿನ ವರದಿಯಲ್ಲೇ ಬಂದಿದ್ದ ಕೆಲಸವಾದರೆ ಪಕ್ಕದಲ್ಲಿ "ಹಳೆಯದು" ಅಂತ ಗುರುತು. ಶಾಸಕರು ಮಂತ್ರಿಗಳಿಗೆ ಪತ್ರ ಕೊಟ್ಟಿರುವ, ಇನ್ನೂ ಏನೂ ಆಗದ ಬೇಡಿಕೆಗಳಿಗೆ ಬೇರೆಯೇ ಪಟ್ಟಿ. ಅದರಲ್ಲಿ ಮೊತ್ತ ಹಾಕುವುದಿಲ್ಲ. ಮೊತ್ತ ಹಾಕಿದರೆ ಮಂಜೂರಾಗಿದೆ ಅಂತಲೇ ಓದುತ್ತಾರೆ.

ಈ ಅಂಕಿಗಳು ಎಲ್ಲಿ ಸಿಗುತ್ತವೆ? ಕೆಡಿಪಿ ಸಭೆಯ (ಎಲ್ಲ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ) ಪ್ರಗತಿ ವರದಿಯಿಂದ ಶುರು ಮಾಡಿ. ತಾಲ್ಲೂಕು ಮಟ್ಟದ ಸಭೆಗೆ ಶಾಸಕರದೇ ಅಧ್ಯಕ್ಷತೆ, ಕಾಗದ ನಿಮ್ಮ ಕೈಗೆ ಬಂದೇ ಬರುತ್ತದೆ. ಆದರೆ ಅದೊಂದನ್ನೇ ನಂಬಬೇಡಿ. ಆ ಏರಿಯಾದ ಜೂನಿಯರ್ ಎಂಜಿನಿಯರಿಗೆ ಫೋನ್ ಮಾಡಿ, ಊರಿನವರೊಬ್ಬರಿಗೂ ಫೋನ್ ಮಾಡಿ. ಒಂದು ಇಲಾಖೆಯ ಪ್ರಗತಿ ವರದಿಯಲ್ಲಿ "ಪೂರ್ಣಗೊಂಡಿದೆ" ಅಂತ ಇದ್ದ ಶುದ್ಧ ನೀರಿನ ಘಟಕಕ್ಕೆ ಕರೆಂಟ್ ಸಂಪರ್ಕವೇ ಆಗಿರಲಿಲ್ಲ. ಊರಿನ ಅಂಗನವಾಡಿ ಟೀಚರ್ ಫೋನಿನಲ್ಲಿ ಹೇಳಿದ್ದರಿಂದ ಗೊತ್ತಾಯಿತು. ವರದಿಯಲ್ಲಿ "ಕಟ್ಟಡ ಆಗಿದೆ, ವಿದ್ಯುತ್ ಸಂಪರ್ಕ ಬಾಕಿ" ಅಂತಲೇ ಬರೆದೆವು. ಸಂಪರ್ಕವೂ ಬೇಗ ಬಂತು.

ಒಂದು ಸಾಲು ಹೇಗಿರಬೇಕು

"ಮಾನ್ಯ ಶಾಸಕರ ಅವಿರತ ಪರಿಶ್ರಮದಿಂದ ಗ್ರಾಮದ ಸರ್ವತೋಮುಖ ಅಭಿವೃದ್ಧಿಗೆ 40 ಲಕ್ಷ ರೂ. ಅನುದಾನ" ಅಂತ ಬರೆದರೆ ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. ಉದಾಹರಣೆಗೆ ಹೀಗೆ ಬರೆಯಬಹುದು: "ಹೊಸಹಟ್ಟಿ ಶಾಲೆಗೆ ಎರಡು ಕೊಠಡಿ. ಮಂಜೂರು 40 ಲಕ್ಷ. ಟೆಂಡರ್ ಮುಗಿದಿದೆ, ಕಾರ್ಯಾದೇಶ ಆಗಿಲ್ಲ. ಹಣ ಇನ್ನೂ ಬಿಡುಗಡೆಯಾಗಿಲ್ಲ. ಮಾಹಿತಿಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗ, ತಾಲ್ಲೂಕು ಪಂಚಾಯಿತಿ ಆವರಣ." ಇದರಲ್ಲಿ ಶಾಸಕರ ಹೆಸರಿಲ್ಲ. ಆದರೂ ಓದಿದವರು ಶಾಸಕರ ಮಾತು ನಂಬುತ್ತಾರೆ.

ಸೇವೆಗಳ ಬಗ್ಗೆ ಬರೆಯುವಾಗ ಸಕಾಲದ (ಸರ್ಕಾರಿ ಸೇವೆಯನ್ನು ಇಂತಿಷ್ಟು ದಿನದೊಳಗೆ ಕೊಡಬೇಕು ಅನ್ನುವ ಕಾಯ್ದೆ) ಗಡುವನ್ನೂ ಹಾಕಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ತನಕ ಪರಿಹಾರ ಕೇಳುವ ಹಕ್ಕು ಅರ್ಜಿದಾರರಿಗೆ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯ ರಸೀದಿ ಕೇಳಿ ಪಡೆಯಿರಿ ಅಂತ ಪ್ರತಿ ವರದಿಯಲ್ಲೂ ಬರೆಯುತ್ತೇವೆ.

ತಲುಪಿಸುವುದು

ವಾಟ್ಸಾಪ್ ಗುಂಪಿಗೆ ಪಿಡಿಎಫ್ ಹಾಕಿ ಸುಮ್ನೆ ಕೂತರೆ ಆಗಲ್ಲ. ಗ್ರಾಮ ಪಂಚಾಯಿತಿ, ಗ್ರಂಥಾಲಯ, ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿಗಳಿಗೆ ಅಚ್ಚಿನ ಪ್ರತಿ ಕೊಡಿ. ಬೆಳಗ್ಗೆ ಡೈರಿಯಲ್ಲಿ ಸಾಲಿನಲ್ಲಿ ನಿಂತಿರುವಾಗ ಓದುವಷ್ಟು ಬೇರೆಲ್ಲೂ ಓದುವುದಿಲ್ಲ. ಆಯಾ ಹೋಬಳಿಯ ಕೋಷ್ಟಕವನ್ನು ಒಂದೇ ಹಾಳೆಯಲ್ಲಿ ಬೇರೆ ಮಾಡಿ ಅಂಟಿಸಿ. ಓದಲು ಬಾರದವರಿಗೆ ಆಡಿಯೋ ಮಾಡಿ, ಆದರೆ ಆಯಾ ಊರಿನ ಭಾಗ ಮಾತ್ರ. ಇಡೀ ತಾಲ್ಲೂಕಿನ ಲೆಕ್ಕ ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಫೋಟೋ ಕಮ್ಮಿ ಮಾಡಿ. ಗುದ್ದಲಿ ಪೂಜೆಯ ಫೋಟೋ ಬದಲು ಮುಗಿದ ಕೆಲಸದ ಫೋಟೋ ಹಾಕಿ, ತೆಗೆದ ದಿನಾಂಕದ ಸಮೇತ. ಕೊನೆಯ ಪುಟದಲ್ಲಿ ಹಿಂದಿನ ವರದಿಯಲ್ಲಿ ತಪ್ಪಿದೆ ಅಂತ ಜನ ತೋರಿಸಿಕೊಟ್ಟ ಅಂಕಿಗಳಿಗೆ ಜಾಗ ಬಿಡಿ, ತಿದ್ದಿ ಹಾಕಿ.

ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂದ ದಿನ ಹಂಚುವುದನ್ನು ನಿಲ್ಲಿಸಿ. ಅಚ್ಚಾಗಿ ಬಂಡಲ್ ಕಟ್ಟಿಟ್ಟಿದ್ದರೂ ಕಚೇರಿಯಲ್ಲೇ ಇರಲಿ, ಗೋಡೆಗೆ ಅಂಟಿಸಿದ್ದನ್ನು ತೆಗೆಸಿ. ಏನಾದರೂ ಅನುಮಾನ ಇದ್ದರೆ ಚುನಾವಣಾಧಿಕಾರಿಗೆ ಬರೆದು ಕೇಳಿ, ಬಂದ ಉತ್ತರವನ್ನು ಫೈಲಿನಲ್ಲಿ ಇಟ್ಟುಕೊಳ್ಳಿ.